ಬಲ ಭುಜ ಒಂದು ಬೆರಳು ಕೆಳಗೆ

ಇಸ್ತ್ರಿಪೆಟ್ಟಿಗೆಯನ್ನು ಉಗುರುಬೆಚ್ಚಗೆ ಇಟ್ಟುಕೊಂಡು ಕಾಗದದ ತುಂಡುಗಳ ಸುಕ್ಕು ಬಿಡಿಸುತ್ತಿದ್ದೆ. ಒಂದನ್ನು ಒತ್ತಿ ಪಕ್ಕಕ್ಕಿಟ್ಟರೆ ಪಕ್ಕದ ಬುಕ್ ಬೈಂಡಿಂಗ್ ಅಂಗಡಿಯವರು ಇನ್ನೊಂದನ್ನು ನನ್ನ ಮುಂದೆ ಸರಿಸುತ್ತಿದ್ದರು.

ಬೆಳಗಿನ ತನಕ ಅದು ಒಂದೇ ಹಾಳೆಯಾಗಿತ್ತು. ಮ್ಯಾಗಜೀನಿನ ನಡುವೆ ಮಡಚಿಟ್ಟ, ಗಂಡಸರ ಕೋಟಿನ ಪ್ಯಾಟರ್ನ್, ಬಟ್ಟೆ ಕತ್ತರಿಸಲು ಗೆರೆ ಹಾಕಿದ ನಕ್ಷೆ. ಅವರ ಅಂಗಡಿಯ ರದ್ದಿಯಲ್ಲಿ ಅದನ್ನು ಕಂಡು, ನನಗೆ ಕೊಡ್ತೀರಾ ಎಂದು ಕೇಳಿದ್ದೆ. ಅಷ್ಟು ಕೇಳುವುದಕ್ಕೇ ನನಗೆ ವಾರ ಹಿಡಿದಿತ್ತು. ಅವರು ಖುಷಿಯಿಂದ ಒಪ್ಪಿದರು. ಆದರೆ ಕೊಡುವ ವಸ್ತು ನೀಟಾಗಿ ಕಾಣಲಿ ಎಂದು, ಕಿವಿ ಮಡಚಿದ ಆ ಮ್ಯಾಗಜೀನನ್ನು ಕಟಿಂಗ್ ಮೆಷಿನ್ನಿಗೆ ಕೊಟ್ಟು ಮೂರೂ ಕಡೆ ಅಂಚು ಸಮ ಮಾಡಿ ತಂದರು. ಒಳಗಿದ್ದ ಹಾಳೆಯ ಮಡಿಕೆಗಳೂ ಅಂಚಿನ ಜೊತೆಗೇ ಹೋದವು. ಬಿಡಿಸಿದ ಕೂಡಲೇ ಕೋಟು ಚೂರುಚೂರಾಗಿ ಮೇಜಿನ ಮೇಲೆ ಬಿತ್ತು.

ಅತ್ತೆ ನಕ್ಕದ್ದೇ ನಕ್ಕದ್ದು. ನಾನು ಕೆಲಸ ಮಾಡುವ ಈ ಟೈಲರಿಂಗ್ ಅಂಗಡಿ ಅತ್ತೆಯದು, ಅವಳು ಅಪ್ಪನ ಅಕ್ಕ. ಬೈಂಡಿಂಗಿನವರ ಕೈಗೆ ಸದಾ ಅಂಟಿರುವ ಮೈದಾ ಗೋಂದು ನೋಡಿ ಅತ್ತೆ ಅವರಿಗೆ ಗೋಂದು ಎಂದೇ ಹೆಸರಿಟ್ಟಿದ್ದಳು. ಕೊಂಬೆ ಮೇಲೆ ಕೂತು ಬುಡ ಕಡಿದವರ ಕಥೆ ಕೇಳಿದ್ದೆ, ಕೊಡೋ ಉಡುಗೊರೆಯನ್ನೇ ಕಡಿದವನನ್ನು ಇವತ್ತೇ ನೋಡಿದ್ದು ಎಂದಳು. ಪಾಪ, ಅವರ ಕಿವಿ ಕೆಂಪಾಯಿತು.

ನನಗೆ ನಗು ಬರಲಿಲ್ಲ. ಈ ಶನಿವಾರ ಅವರ ಅಂಗಡಿ ಊರಿನ ಆ ತುದಿಗೆ ಹೋಗುತ್ತದೆ. ಅಷ್ಟರೊಳಗೆ ಕೋಟು ಮುಗಿಸಿ ಅವರ ಕೈಗೆ ಕೊಡಬೇಕು. ಆಮೇಲೆ ದಾರಿ ಕೇಳಿಕೊಂಡು ಅಲ್ಲಿಯವರೆಗೆ ಹೋಗಿ, ಎಲ್ಲರ ಮುಂದೆ ನಿಂತು, ಇದು ನಿಮಗೆ ಎಂದು ಹೇಳುವ ಧೈರ್ಯ ನನಗೆ ಯಾವ ಜನ್ಮಕ್ಕೂ ಬರುವುದಿಲ್ಲ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಎಷ್ಟು ಓದಿದ್ದೀರಿ ಎಂದು ಅವರು ಒಂದು ದಿನವೂ ಕೇಳಲಿಲ್ಲ. ಪುಟ ತಿರುಗುಮುರುಗಾಗಿ ಅಚ್ಚಾದ ಕಥೆಪುಸ್ತಕಗಳು ಸಿಕ್ಕರೆ, ಪುಟ ಸರಿಯಾಗಿ ಜೋಡಿಸಿ, ಹೊಲಿದು, ನಮ್ಮ ಕಿಟಕಿಯಲ್ಲಿಟ್ಟು ಹೋಗುತ್ತಿದ್ದರು. ನಾನು ಬೆರಳಿಟ್ಟು ಓದುವುದನ್ನು ನಿಲ್ಲಿಸಿದ್ದು ಆ ಪುಸ್ತಕಗಳಿಂದ. ನೆಲಮಾಳಿಗೆಯ ಅವರ ಅಂಗಡಿಯಲ್ಲಿ ಚಳಿ ಕೊರೆಯುತ್ತದೆ. ಅವರು ತೆಳ್ಳಗಿನ ಸ್ವೆಟರಿನಲ್ಲಿ ನಿಂತು, ಕೈಗೆ ಉಸಿರು ಊದಿಕೊಂಡು, ಮತ್ತೆ ಕಾಗದಕ್ಕೆ ಕೈ ಹಾಕುವುದನ್ನು ನೋಡಿದ್ದೇನೆ. ಥ್ಯಾಂಕ್ಸ್ ಎನ್ನುವ ಪದ ನನ್ನ ಬಾಯಿಗೆ ಬರುವುದಿಲ್ಲ. ಕೈಗೆ ಹೊಲಿಗೆ ಬರುತ್ತದೆ.

ಬಟ್ಟೆ ಕೊಟ್ಟವಳು ಅತ್ತೆ. ತನಗೆಂದು ತೆಗೆದಿಟ್ಟಿದ್ದ ಬೂದು ಬಣ್ಣದ ಉಣ್ಣೆಬಟ್ಟೆಯನ್ನು, ಯಾರಿಗೆ ಎಂದು ಒಂದು ಮಾತೂ ಕೇಳದೆ, ಟ್ರಂಕಿನಿಂದ ತೆಗೆದು ನನ್ನ ಮಡಿಲಿಗೆ ಹಾಕಿದ್ದಳು. ಅವಳ ಋಣ ಬೇರೆಯೇ ಇದೆ, ಅದು ಒಂದು ಕೋಟಿನಲ್ಲಿ ತೀರುವಂಥದ್ದಲ್ಲ.

ಈಗ ಅತ್ತೆ ಗುಂಡಿ ತರಲು ಹೊರಟಳು. ಬಾಗಿಲಲ್ಲಿ ನಿಂತು ಹೇಳಿದಳು: "ಅಂಗಡಿ ನೋಡ್ಕೊಳ್ಳೇ. ಗೋಂದು ಇಲ್ಲೇ ಇರ್ತಾನೆ, ಅವನೇನು ಅಷ್ಟು ಸುಲಭಕ್ಕೆ ಬಿಟ್ಕೊಳ್ಳಲ್ಲ."

ತುಂಡುಗಳನ್ನು ದೊಡ್ಡ ಕಂದು ಕಾಗದದ ಮೇಲೆ ಹರಡಿದೆವು. ಇಂಥ ಹಾಳೆಯಲ್ಲಿ ಒಂದೇ ಕೋಟು ಇರುವುದಿಲ್ಲ. ಫ್ರಾಕು, ಚಡ್ಡಿ, ಮಗುವಿನ ಟೊಪ್ಪಿ, ಎಲ್ಲದರ ಗೆರೆಗಳೂ ಒಂದರ ಮೇಲೊಂದು ಓಡಾಡುತ್ತಿರುತ್ತವೆ. ನಮ್ಮದು ಚುಕ್ಕಿ ಚುಕ್ಕಿಯ ಗೆರೆ. ಅದನ್ನು ಹುಡುಕುತ್ತ ಇಬ್ಬರ ಬೆರಳೂ ಒಂದೇ ದಾರಿ ಹಿಡಿದವು. ಕಾಲರಿನ ತಿರುವಿನಲ್ಲಿ ಅವರ ಬೆರಳು ನಿಂತಿತು. ನನ್ನದೂ ನಿಂತಿತು. ಅವರು ತಲೆಯೆತ್ತಿ ನೋಡಿದರು. ನಾನು ಚಡ್ಡಿಯ ಗೆರೆಯನ್ನು ಬಹಳ ಗಮನವಿಟ್ಟು ನೋಡಿದೆ.

ತುಂಡುಗಳನ್ನು ಅಂಟಿಸುತ್ತ, ಕೋಟು ಯಾರಿಗೆ ಎಂದು ಕೇಳಿದರು.

"ಒಬ್ಬರಿಗೆ," ಎಂದೆ.

"ಅದೃಷ್ಟವಂತರು," ಎಂದರು. ಆಮೇಲೆ ಗೋಂದು ಸ್ವಲ್ಪ ಜಾಸ್ತಿಯೇ ಹಚ್ಚಿದರು.

ಮೆಷಿನ್ನಿನಲ್ಲಿ ಕತ್ತರಿಸಿ ಹೋದದ್ದು ಎಲ್ಲೆಲ್ಲೂ ಬೆರಳಗಲ. ಉದ್ದ ಗೆರೆಗಳಿಗೆ ಸ್ಕೇಲಿಟ್ಟು ಎರಡು ತುದಿ ಸೇರಿಸಿದರೆ ಸಾಕಾಯಿತು. ಭುಜದ ಹತ್ತಿರ ಮಾತ್ರ ಗೆರೆ ಬಾಗುವ ಜಾಗವೇ ಇರಲಿಲ್ಲ. ಅಲ್ಲಿ ಊಹೆ ಮಾಡಿದರೆ ತೋಳು ಕೂರುವುದಿಲ್ಲ, ಅಳತೆ ಬೇಕು ಎಂದೆ.

"ಅವರು ನನ್ನಷ್ಟೇ ಎತ್ತರವಾ?" ಎಂದು ಕೇಳಿದರು. ಹೆಚ್ಚುಕಡಿಮೆ ಎಂದೆ.

"ಹಾಗಾದ್ರೆ ನನ್ನನ್ನೇ ಅಳೀರಿ ಸೂಜಿಯವರೇ. ಹಾಳು ಮಾಡಿದೋನು ನಾನು, ನನ್ನ ಭುಜದಲ್ಲೇ ಭರ್ತಿ ಆಗ್ಲಿ."

ನನ್ನನ್ನು ಸೂಜಿ ಎನ್ನುವುದು ಅವರೊಬ್ಬರೇ. ಮಾತು ಕಡಿಮೆ, ಕಣ್ಣು ಚುರುಕು ಎಂದು.

ಟೇಪು ಹಿಡಿದು ಹತ್ತಿರ ಹೋದೆ. ಗೋಂದಿನ ವಾಸನೆ, ಹಳೆಯ ಕಾಗದದ ವಾಸನೆ. ದಿನಕ್ಕೆ ಎಷ್ಟೋ ಜನರ ಭುಜ ಅಳೆಯುವ ಕೈ ಇವತ್ತು ಟೇಪನ್ನು ತಲೆಕೆಳಗು ಹಿಡಿದಿತ್ತು. ಅವರು ಅದನ್ನು ಮೆಲ್ಲಗೆ ತಿರುಗಿಸಿ ಕೊಟ್ಟು, ಏನೂ ಆಗದವರಂತೆ ಗೋಡೆ ನೋಡುತ್ತ ನಿಂತರು. ಕುತ್ತಿಗೆಯಿಂದ ಎಡ ಭುಜದ ತುದಿಯವರೆಗೆ ಅಳೆದು ಮೇಜಿಗೆ ಓಡಿಬಂದೆ.

ಬೆನ್ನಿನ ಭಾಗ ಬರೆಯತೊಡಗಿದೆ. ಅವರು ಪಕ್ಕದಲ್ಲಿ ನಿಂತು ಮ್ಯಾಗಜೀನಿನ ಸೂಚನೆಗಳನ್ನು ಜೋರಾಗಿ ಓದಿದರು. ಬೆನ್ನಿಗೆ ಅರ್ಧ ಬರೆದರೆ ಸಾಕು, ಬಟ್ಟೆ ಮಡಚಿ ಕತ್ತರಿಸಿದರೆ ಎರಡೂ ಬದಿ ಬರುತ್ತದೆ ಎಂದಿತ್ತು. ನಾನು ಎಡ ಅರ್ಧ ಬರೆದೆ. ಪಕ್ಕಕ್ಕೇ ಬಲ ಅರ್ಧವನ್ನೂ ಬರೆದೆ.

"ಅರ್ಧ ಸಾಕು ಅಂತ ಇದೆಯಲ್ರೀ."

"ಇವರಿಗೆ ಸಾಕಾಗಲ್ಲ. ಬಲ ಭುಜ ಒಂದು ಬೆರಳು ಕೆಳಗಿದೆ."

ಅವರು ಕಾಗದ ನೋಡಿದರು. ಕೇಳಿದರು: "ಬಲಗಡೆ ನೀವು ಅಳೀಲೇ ಇಲ್ವಲ್ಲ."

"ಅದು ಗೊತ್ತಿರೋದೇ."

ಕಟಿಂಗ್ ಮೆಷಿನ್ನಿನ ಚಕ್ರ ತಿರುಗಿಸಿ ತಿರುಗಿಸಿ ಇಳಿದ ಭುಜ. ನಮ್ಮ ಕಿಟಕಿಯಿಂದ ಕೆಳಗೆ ಬಗ್ಗಿ ಆ ಬೆನ್ನನ್ನು ನಾನು ಎಷ್ಟು ಸಲ ನೋಡಿದ್ದೇನೋ, ಲೆಕ್ಕವಿಟ್ಟವಳಲ್ಲ.

ಅವರ ಕೈ ತಾನಾಗಿಯೇ ತಮ್ಮ ಬಲ ಭುಜದ ಮೇಲೆ ಹೋಯಿತು. ಅಲ್ಲೇ ನಿಂತಿತು.

"ಅವರು... ಅವರು ಏನ್ ಕೆಲ್ಸ ಮಾಡ್ತಾರೆ?"

ಬರೆಯುತ್ತಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟೆ. ಈಗ ಹೇಳದಿದ್ದರೆ ಈ ಕೋಟು ಜನ್ಮವಿಡೀ ಯಾರೋ ಒಬ್ಬರದಾಗಿ ಉಳಿಯುತ್ತದೆ ಅನ್ನಿಸಿತು.

"ಕಾಗದ ಕತ್ತರಿಸ್ತಾರೆ. ಒಂದೊಂದ್ಸಲ ಕತ್ತರಿಸಬಾರದ್ದನ್ನೂ."

ಬೀದಿಯಲ್ಲಿ ಯಾರದೋ ಸೈಕಲ್ಲು ಬೆಲ್ಲು ಹೊಡೆಯುತ್ತ ಹೋಯಿತು. ಅವರು ಮ್ಯಾಗಜೀನನ್ನು ಮುಚ್ಚಿ, ಸಮ ಮಾಡಿದ ಅದರ ಅಂಚಿನ ಮೇಲೆ ಒಮ್ಮೆ ಬೆರಳಾಡಿಸಿ ಕೆಳಗಿಟ್ಟರು. ಆಮೇಲೆ ನನ್ನನ್ನು ನೋಡಿದರು. ಈ ಸಲ ನೋಡಲು ಚಡ್ಡಿಯ ಗೆರೆ ನನಗೆ ಸಿಗಲಿಲ್ಲ. ನಾನೂ ನೋಡಿದೆ. ಅವರ ಕಣ್ಣು ತುಂಬಿತ್ತು.

ಟೇಪನ್ನು ಸರಿಯಾಗಿ ಹಿಡಿದುಕೊಂಡೆ. ಬೆನ್ನಿನ ಉದ್ದ ಅಳೆಯುವುದು ಇನ್ನೂ ಉಳಿದಿತ್ತು.

"ಸ್ವಲ್ಪ ಆ ಕಡೆ ತಿರುಗಿ ನಿಂತ್ಕೊಳ್ಳಿ," ಎಂದೆ.