ಕೇದಾರ್ ಹೇಳಿದ ಎರಡು ಗಂಟೆ

“ಎಷ್ಟು ಹೊತ್ತು ಹಿಡಿಯತ್ತೆ, ಕೇದಾರ್?”

“ಎರಡು ಗಂಟೆ.”

ಪ್ರತಿಭಾ ಮನಸ್ಸಿನಲ್ಲೇ ಅದನ್ನು ಅರ್ಧ ಮಾಡಿಕೊಂಡಳು. ಕಾಕ್ಸ್ ಟೌನಿನ ಆ ಪುಟ್ಟ ಸ್ಪೀಚ್ ಥೆರಪಿ ಕ್ಲಿನಿಕ್ಕಿಗೆ ಸೇರಿದ ದಿನವೇ ರಿಸೆಪ್ಷನ್ನಿನ ಮಾರಿಯಾ ಈ ಪಾಠ ಹೇಳಿಕೊಟ್ಟಿದ್ದಳು: ಕಂಪ್ಯೂಟರ್ ನೋಡಿಕೊಳ್ಳುವ ಕೇದಾರ್ ಯಾವ ಕೆಲಸಕ್ಕೆ ಎಷ್ಟು ಹೊತ್ತೆಂದರೂ ಅರ್ಧ ಮಾಡಿಕೋ. ಹೇಳಿದ್ದಕ್ಕಿಂತ ಬೇಗ ಮುಗಿಸಿದರೆ ಯಾರೂ ಬೈಯುವುದಿಲ್ಲ ಎಂಬುದು ಆ ಪುಣ್ಯಾತ್ಮನ ಲೆಕ್ಕಾಚಾರ.

ಶನಿವಾರ ಮಧ್ಯಾಹ್ನ. ಕ್ಲಿನಿಕ್ ಖಾಲಿಯಾಗಿತ್ತು. ಹಳೆಯ ಟ್ಯಾಬ್, ಹೊಸ ಟ್ಯಾಬ್ ಎರಡೂ ಮೇಜಿನ ಮೇಲೆ ಅಕ್ಕಪಕ್ಕ ಮಲಗಿದ್ದವು. ಹಳೆಯದರಲ್ಲಿ ಅವಳ ಇಷ್ಟು ವರ್ಷದ ದುಡಿಮೆಯೆಲ್ಲ ಇತ್ತು: ಮಾತು ತಡವಾದ ಮಕ್ಕಳ ವಿಡಿಯೋಗಳು, ಮೊದಲ ಸಲ ‘ಅಮ್ಮ’ ಎಂದ ದನಿಗಳು. ಅದೆಲ್ಲ ಈಗ ಹೊಸದಕ್ಕೆ ಕಾಪಿ ಆಗುತ್ತಿತ್ತು. ಹೊಸದು ಅವಳ ಜೊತೆ ಹುಬ್ಬಳ್ಳಿಗೆ ಹೊರಟಿತ್ತು. ಅಲ್ಲಿ ಹೊಸ ಶಾಖೆ ತೆರೆಯುತ್ತಿದೆ, ಸೋಮವಾರ ಹೊರಡಬೇಕು. ಆರು ತಿಂಗಳು ನಿಂತು ನಡೆಸಿಕೊಟ್ಟು ಬರುತ್ತೀರೋ, ಅಲ್ಲೇ ಕಾಯಂ ಆಗುತ್ತೀರೋ, ಇವತ್ತೇ ಹೇಳಿಬಿಡಿ ಎಂದಿದ್ದರು ಕ್ಲಿನಿಕ್ ನಡೆಸುವ ಡಾಕ್ಟರ್ ವಿಮಲಾಕ್ಷಿ.

ಕಾಯಂ ಎಂದೇ ಹೇಳುವವಳಿದ್ದಳು. ಸಾಕಾಗಿತ್ತು. ಹೊರಮಾವಿನ ಪೀಜಿಯಿಂದ ದಿನಾ ನಿಂತುಕೊಂಡೇ ಬರುವ ಬಸ್ಸು, ರಾತ್ರಿ ಆರಿ ತಣ್ಣಗಾದ ಚಪಾತಿ, ಭಾನುವಾರವಾದರೆ ‘ಹುಡುಗನ ಫೋಟೋ ನೋಡಿದ್ಯಾ’ ಎಂದು ದಾವಣಗೆರೆಯಿಂದ ಅಮ್ಮನ ಫೋನು. ಇರು ಎನ್ನುವವರೇ ಇಲ್ಲದ ಊರಲ್ಲಿ ಇದ್ದೇನು ಮಾಡುವುದು? ಹಾಗೆನ್ನಲಿ ಎಂದು ಅವಳು ಆಸೆಪಟ್ಟ ಒಬ್ಬನೇ ಒಬ್ಬ ಎದುರಿಗೆ ಕೂತು ಸ್ಕ್ರೀನ್ ನೋಡುತ್ತಿದ್ದ.

“ನಿದ್ದೆ ಬಂದ್ರೆ ಮಲ್ಕೊಳ್ರೀ. ನಾನು ನೋಡ್ಕೋತೀನಿ.”

“ನಿಮ್ಮ ಮುಖ ನೋಡಿದ್ರೆ ನೀವೇ ಮೊದ್ಲು ಬೀಳೋ ಹಾಗಿದೀರ.”

“ಬಿದ್ರೆ ಎಬ್ಬಿಸ್ಬೇಡಿ ಮತ್ತೆ.”

ಅವನು ನಕ್ಕ. ಕಣ್ಣಿನ ಕೆಳಗೆ ಕಪ್ಪುಗಟ್ಟಿದ್ದರೂ ಆ ನಗುವಿಗೆ ಮಾತ್ರ ಆಯಾಸವಿರಲಿಲ್ಲ. ಮೂಲೆಯ ಬೇಕರಿಯಿಂದ ತಂದ ದಿಲ್‌ಪಸಂದ್ ಮುರಿದು, ದೊಡ್ಡ ತುಂಡನ್ನು ಅವಳ ಕಡೆ ಸರಿಸಿದ. ಸುಸ್ತಾದಾಗ ಏನೂ ಕೇಳದೆ ಸುಮ್ಮನೆ ಕೂರಲು ಬಿಡುವ ಗಂಡಸು ಅವಳಿಗೆ ಇನ್ನೊಬ್ಬ ಸಿಕ್ಕಿರಲಿಲ್ಲ. ಅದಕ್ಕೇ ಅವನೆಂದರೆ ಪ್ರಾಣ. ಹೇಳಿಕೊಳ್ಳುವ ತ್ರಾಣ ಮಾತ್ರ ಇರಲಿಲ್ಲ.

ಗೋಡೆಗೆ ತಲೆಯಾನಿಸಿದ್ದಷ್ಟೇ ನೆನಪು. ಎಚ್ಚರವಾದಾಗ ಚರ್ಚಿನ ಸಂಜೆ ಗಂಟೆ ಹೊಡೆಯುತ್ತಿತ್ತು. ಅವನು ಹೇಳಿದ ಎರಡು ಗಂಟೆ ಕಳೆದು ಎಷ್ಟೋ ಹೊತ್ತಾಗಿತ್ತು. ಟ್ಯಾಬ್ ಮಾತ್ರ ‘ಇನ್ನು ನಲವತ್ತು ನಿಮಿಷ’ ಎನ್ನುತ್ತಿತ್ತು. ಕೇದಾರ್ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದ ಕೆಲಸ ಇದೇ ಮೊದಲು.

ಅವಳ ಮೈಮೇಲೆ ಅವನ ಜಾಕೆಟ್ ಇತ್ತು. ಮಡಚಿ ಕೊಡಲು ಹೋದರೆ ಜೇಬಿನಿಂದ ಕೇಬಲ್ಲೊಂದು ಜಾರಿ ನೆಲಕ್ಕೆ ಬಿತ್ತು.

“ಕೇಬಲ್ ಇದೆಯಲ್ರೀ! ಮತ್ಯಾಕೆ ವೈಫೈನಲ್ಲಿ ಹಾಕಿದೀರ?”

ಅವನ ಕಿವಿ ಕೆಂಪಾಯಿತು. “ಕೇಬಲ್ ಹಾಕಿದ್ರೆ ಅರ್ಧ ಗಂಟೇಲಿ ಮುಗೀತಿತ್ತು.”

“ಗೊತ್ತಿದ್ದೂ?”

“ಮುಗಿದ್ರೆ ನೀವು ಎದ್ದು ಹೋಗ್ಬಿಡ್ತಿದ್ರಿ.” ಅವನು ತಲೆ ಎತ್ತಲಿಲ್ಲ. “ಒಳ್ಳೇ ಕೆಲಸ, ನಿಮ್ಗೇ ಸಿಗ್ಬೇಕಾಗಿದ್ದು. ಹೋಗ್ಬೇಡಿ ಅನ್ನೋಕೆ ನಾನ್ಯಾರು? ಒಂಚೂರು ತಡ ಆಗ್ಲಿ ಅಂತ ಹೀಗೆ ಮಾಡ್ದೆ, ಅಷ್ಟೇ. ನೀವಂದ್ರೆ ನಂಗೆ ತುಂಬಾ ಇಷ್ಟ, ಪ್ರತಿಭಾ. ಹೇಳೋಕೆ ಬಾಯೇ ಬರ್ಲಿಲ್ಲ.”

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮಾತು ಬಾರದ ಮಕ್ಕಳ ಎದುರು ವರ್ಷಗಟ್ಟಲೆ ತಾಳ್ಮೆಯಿಂದ ಕೂತವಳು, ಈ ಒಬ್ಬನ ಬಾಯಿಂದ ಒಂದು ಮಾತು ಹೊರಡಿಸಲಾರದೆ ಊರೇ ಬಿಡಲು ಹೊರಟಿದ್ದಳಲ್ಲ! ಅವಳ ಕಣ್ಣು ತುಂಬಿ ಬಂತು.

ಫೋನ್ ತೆಗೆದು ಡಾಕ್ಟರಿಗೆ ಬರೆದಳು: ‘ಆರು ತಿಂಗಳು ಮಾತ್ರ ಮೇಡಂ. ಆಮೇಲೆ ವಾಪಸ್ ಬರ್ತೀನಿ.’ ಕಳಿಸಿ, ಅವನ ಮುಂದೆ ಹಿಡಿದಳು. ಅವನು ಅದನ್ನು ಎರಡೆರಡು ಸಲ ಓದಿದ.

“ನಂಗೂ ನೀವಂದ್ರೆ ಇಷ್ಟ ರೀ,” ಎಂದಳು. “ಇನ್ನೊಂದು ಲೆಕ್ಕ ಹೇಳಿ. ನಾನು ಬರೋ ತನಕ ಇಲ್ಲಿ ಕಾಯೋರಿಗೆ ಎಷ್ಟು ಹೊತ್ತು ಹಿಡಿಯತ್ತೆ?”

ಕೇದಾರ್ ಚಾವಣಿ ನೋಡಿ ಯೋಚಿಸಿದ.

“ಒಂದು ವರ್ಷ.”

ಪ್ರತಿಭಾ ಮನಸ್ಸಿನಲ್ಲೇ ಅರ್ಧ ಮಾಡಿಕೊಂಡಳು. ಕೇಬಲ್ಲನ್ನು ನೆಲದಿಂದ ಎತ್ತಿ, ಅವನ ಜಾಕೆಟ್ಟಿನ ಜೇಬಿಗೇ ವಾಪಸು ಹಾಕಿ, ಪಕ್ಕದ ಕುರ್ಚಿಗೆ ಬಂದು ಕೂತಳು.