ಕಿತ್ತುಹೋದ ಬಿಳಿ ದಾರಿ

ಒಂದು ಕೌದಿಗೆ ಎಷ್ಟು ಖರ್ಚು ಎಂದು ಕೇಳುವವರಿಗೆ ನನ್ನ ಲೆಕ್ಕ ಸಿದ್ಧವಿದೆ: ಆರು ಹಳೆ ಬಟ್ಟೆ, ಒಂಬತ್ತು ಉಂಡೆ ದಾರ, ಮುರಿಯುವ ಸೂಜಿ ನಾಲ್ಕು, ಮೂವತ್ತೆರಡು ಮಧ್ಯಾಹ್ನ. ಸೂಜಿ ದಾರ ಬಿಟ್ಟರೆ ಉಳಿದದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ನಮ್ಮ ಬೀದಿಯ ಹನ್ನೊಂದು ಹೆಂಗಸರು ತಮ್ಮ ಬದುಕನ್ನು ಕೌದಿಗಳ ಮೇಲೆ ಹೊಲಿದಿದ್ದರು. ಲೈಬ್ರರಿಯ ಹಾಲ್‌ನಲ್ಲಿ ಶುಕ್ರವಾರ ಪ್ರದರ್ಶನ. ಅಂಚು ಕಟ್ಟಿಸಲು ಹನ್ನೊಂದನ್ನೂ ಹೊತ್ತು ಬೀದಿ ಕೊನೆಯ ಟೈಲರ್‌ಗೆ ಕೊಟ್ಟವಳು ನಾನೇ. ಮನೆಗೆ ಹತ್ತಿರದಲ್ಲಿ ಇನ್ನೂ ಇಬ್ಬರು ಟೈಲರ್‌ಗಳಿದ್ದರು. ಆದರೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಆಮೇಲೆ ಅದನ್ನೇ ಅಂಗಡಿಯೆಲ್ಲ ಹುಡುಕುವ ಚಾಳಿ ಆ ಇಬ್ಬರಿಗೂ ಇರಲಿಲ್ಲ, ಇವರಿಗಿತ್ತು. ಮೂವತ್ತಾರರ ಹೆಂಗಸಿಗೆ ಇಂಥದ್ದು ಕಣ್ಣಿಗೆ ಬೀಳಬಾರದು ಅಂತೇನೂ ಇಲ್ಲವಲ್ಲ.

ಶನಿವಾರ ಹೋದರೆ, "ಇನ್ನೂ ಆಗಿಲ್ಲ, ಸೋಮವಾರ ಬನ್ನಿ" ಎಂದರು ಟೈಲರ್. ಸೋಮವಾರ ಹೋದೆ. ಅಂಚು ಗೆರೆ ಎಳೆದಂತಿತ್ತು. ಹೊಗಳಲು ಬಾಯಿ ತೆರೆದವಳು, ಹನ್ನೊಂದರಲ್ಲಿ ಒಂದಾದ ನನ್ನ ದೊಡ್ಡಮ್ಮನ ಕೌದಿ ಬಿಡಿಸಿ ಹಾಗೇ ನಿಂತೆ.

"ಇದರ ಮೇಲೆ ಬಿಳಿ ದಾರ ಇತ್ತಲ್ಲ?"

"ಕಚ್ಚಾ ಹೊಲಿಗೆ ತಾನೆ? ಎಲ್ಲಾ ತೆಗೆದುಬಿಟ್ಟೆ. ಅದಕ್ಕೆ ಬೇರೆ ಚಾರ್ಜ್ ಇಲ್ಲ ಬಿಡಿ."

ಉದ್ದುದ್ದನೆಯ, ಸೊಟ್ಟ, ಬಿಳಿ ಹೊಲಿಗೆ ಕಂಡರೆ ಯಾವ ಟೈಲರ್ ಆದರೂ ಕೀಳುತ್ತಾನೆ. ಬಟ್ಟೆ ಜರುಗದಿರಲಿ ಎಂದು ಹಾಕಿ, ಕೊನೆಗೆ ತೆಗೆಯುವ ಹೊಲಿಗೆ ಹಾಗೇ ಇರುತ್ತದೆ. ಆದರೆ ಇದು ದೊಡ್ಡಮ್ಮ ನಡೆದ ದಾರಿ. ಇಪ್ಪತ್ತೇಳು ವರ್ಷ ಮನೆಮನೆಗೆ ನಡೆದು ಹೆರಿಗೆ ಮಾಡಿಸಿದವಳು. ನಡುಗುವ ಕೈಯಲ್ಲಿ ಒಂದೊಂದು ಮನೆಗೂ ಒಂದೊಂದು ತಿರುವು ಕೊಟ್ಟು ಹೊಲಿದಿದ್ದಳು. ಆ ನೀಲಿ ಬಟ್ಟೆಯ ಮೇಲೆ ಬೇರೇನೂ ಇರಲಿಲ್ಲ.

ನಾನು ಹೇಳಿ ಮುಗಿಸುವಷ್ಟರಲ್ಲಿ ಅವರ ಮುಖ ಬಿಳಿಚಿಕೊಂಡಿತು.

"ತೂತುಗಳು ಹಾಗೇ ಇವೆ. ಇವತ್ತೇ ಹೊಲಿದುಬಿಡ್ತೀನಿ. ಅವರಿಗೆ ಗೊತ್ತೂ ಆಗಲ್ಲ."

"ನನಗೆ ಗೊತ್ತಲ್ಲ? ನಡೀರಿ, ನೀವೇ ಹೇಳ್ಬೇಕು."

"ಬೈತಾರಾ?"

"ಬೈದ್ರೆ ನಿಮ್ಮ ಪುಣ್ಯ. ಸುಮ್ಮನಾದ್ರೆ ಕಷ್ಟ."

ದೊಡ್ಡಮ್ಮ ಸುಮ್ಮನಾದಳು. ಖಾಲಿ ಬಟ್ಟೆಯ ಮೇಲೆ ಕೈಯಾಡಿಸಿದಳು. ಆ ಕೈ ಈಗ ಸೂಜಿ ಹಿಡಿಯುತ್ತಿರಲಿಲ್ಲ.

"ಬಿಡು, ಇದನ್ನ ಪ್ರದರ್ಶನಕ್ಕೆ ಇಡೋದು ಬೇಡ. ಹೊದ್ಕೊಂಡು ಮಲಗ್ತೀನಿ."

ಟೈಲರ್ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. "ತಪ್ಪಾಯ್ತು ಅಮ್ಮಾ. ನಾನು ಹೊಲಿದುಕೊಡ್ತೀನಿ."

"ಕಥೆ ಕೇಳದವರು ಸೂಜಿ ಮುಟ್ಟೋ ಹಾಗಿಲ್ಲ. ಇವಳು ಹೇಳ್ಲಿಲ್ವಾ ನಿನಗೆ?"

ಹೇಳಿರಲಿಲ್ಲ. ನಮ್ಮ ಗುಂಪಿನ ಮೊದಲ ನಿಯಮವೇ ಅದು. ಪೆನ್ಸಿಲ್ ನೋಡುತ್ತಾ ಮರೆತಿದ್ದೆ. ನಾನು ತಲೆ ತಗ್ಗಿಸಿದೆ.

"ಹಾಗಾದ್ರೆ ತಪ್ಪು ಇಬ್ಬರದೂ. ಇಬ್ಬರೂ ಕೂತ್ಕೊಂಡು ಕೇಳಿ."

ಮಂಗಳವಾರ, ಬುಧವಾರ ಅವರು ಅಂಗಡಿ ಮುಚ್ಚಿ ಬಂದರು. ನಲವತ್ತಮೂರು ಮನೆಗಳ ಕಥೆ. ಹದಿನಾಲ್ಕನೇ ಮನೆಯಲ್ಲಿ ಮಗು ಉಳಿಯಲಿಲ್ಲ. ಅಲ್ಲಿ ದೊಡ್ಡಮ್ಮ ದಾರ ಕತ್ತರಿಸಿ ಗಂಟು ಹಾಕಿದ್ದಳು.

"ಆ ಗಂಟು ಬಿಚ್ಚೋಕೆ ತುಂಬಾ ಹೊತ್ತು ಹಿಡೀತು," ಎಂದು ಟೈಲರ್ ಮೆಲ್ಲಗೆ ಹೇಳಿ, ಕಿಟಕಿಯ ಕಡೆ ಮುಖ ತಿರುಗಿಸಿದರು. ಇವರೇ ನನಗೆ ತಕ್ಕವರು ಎಂದು ಖಚಿತವಾದದ್ದು ಆಗಲೇ.

ಗುರುವಾರ ಕೌದಿಯನ್ನು ಚೌಕಟ್ಟಿಗೆ ಬಿಗಿದು ಕಿಟಕಿಗೆ ಎದುರಾಗಿ ನಿಲ್ಲಿಸಿದೆವು. ಸವೆದು ತೆಳುವಾದ ಹಳೆ ಬಟ್ಟೆ, ಸೂಜಿಯ ತೂತುಗಳಲ್ಲಿ ಬೆಳಕು ಚುಕ್ಕಿ ಚುಕ್ಕಿಯಾಗಿ ಕಂಡಿತು. ಈ ಕಡೆ ನಾನು, ಆ ಕಡೆ ಅವರು. ನಾನು ಚುಚ್ಚಿದ ಸೂಜಿಯನ್ನು ಅವರು ಎಳೆದು ಮುಂದಿನ ತೂತಿನಲ್ಲಿ ನನಗೆ ಕೊಡಬೇಕು.

"ಅಷ್ಟು ಬಿಗಿಯಾಗಿ ಎಳೀಬೇಡಪ್ಪ!" ದೊಡ್ಡಮ್ಮ ಕುರ್ಚಿಯಿಂದ ಗದರಿದಳು. "ಹಳಿ ಮೇಲೆ ಹೋಗೋಕೆ ನಾನೇನು ರೈಲಾ? ಸುಸ್ತಾಗಿ ನಡೆದವಳು."

ದಾರ ಸಡಿಲವಾಯಿತು.

"ಸೂಜಿ ಕೊಡಿ," ಎಂದೆ.

"ಕೊಟ್ಟೆನಲ್ಲ?"

"ಕೊಟ್ರಿ. ಬಿಡ್ತಾ ಇಲ್ಲ."

ಆ ಕಡೆ ಸಣ್ಣ ನಗು. ಆಮೇಲೆ, "ಹತ್ತಿರದಲ್ಲೇ ಇಬ್ಬರು ಟೈಲರ್ ಇದ್ದಾರೆ. ಅಷ್ಟು ಭಾರ ಹೊತ್ಕೊಂಡು ನನ್ನ ಹತ್ರ ಯಾಕೆ ಬಂದ್ರಿ?"

"ನಿಮ್ಮ ಕಿವಿ ಮೇಲಿನ ಪೆನ್ಸಿಲ್ ನೋಡೋಕೆ."

ಬಟ್ಟೆಯ ಮೇಲೆ ಅವರ ನೆರಳು ಕಾಣುತ್ತಿತ್ತು. ನೆರಳಿನ ಕೈ ಮೆಲ್ಲಗೆ ಕಿವಿ ಮುಟ್ಟಿ ನೋಡಿಕೊಂಡಿತು.

"ನಾನೂ ಒಂದು ಹೇಳ್ಬೇಕು. ಅಂಚಿನ ಕೆಲಸ ಶನಿವಾರವೇ ಮುಗಿದಿತ್ತು. ನೀವು ಇನ್ನೊಂದು ಸಲ ಬರಲಿ ಅಂತ ಆಗಿಲ್ಲ ಅಂದೆ. ಆಮೇಲೆ ಸುಮ್ಮನೆ ಕೂರೋಕಾಗದೆ, ಇನ್ನೂ ಚೆನ್ನಾಗಿ ಕಾಣ್ಲಿ ಅಂತ ಆ ದಾರ ಕಿತ್ತೆ."

"ಅಂದ್ರೆ ನಿಮ್ಮ ಆಸೆಗೆ ನಮ್ಮ ದೊಡ್ಡಮ್ಮನ ದಾರಿ ಹೋಯ್ತು."

"ಹೌದು. ಅದಕ್ಕೇ ಮದುವೆ ಆಗ್ತೀರಾ ಅಂತ ಕೇಳೋಕೆ ಮುಖ ಇಲ್ಲ."

"ಮುಖ ಹೇಗೂ ಕಾಣ್ತಿಲ್ಲ. ಕೇಳಿ."

ಕೇಳಿದರು. ನಾನು ಹೂಂ ಅಂದೆ. ಈ ಸಲ ಸೂಜಿಯ ಜೊತೆ, ಬಟ್ಟೆಯ ಮೇಲಿಂದಲೇ ಅವರ ಬೆರಳನ್ನೂ ಹಿಡಿದು ಬಿಡದಿದ್ದವಳು ನಾನು.

"ಮಾತು ಮುಗಿದಿದ್ರೆ ಇನ್ನೂ ಒಂಬತ್ತು ಮನೆ ಬಾಕಿ ಇದೆ," ಎಂದಳು ದೊಡ್ಡಮ್ಮ.

ಶುಕ್ರವಾರ ಬೆಳಿಗ್ಗೆ ಅವಳು ಹಾಲ್‌ಗೆ ಬಂದು, ತೂಗುಹಾಕಿದ ಕೌದಿಯ ಮೇಲೆ ಬೆರಳಿಟ್ಟು ಮೊದಲ ಮನೆಯಿಂದ ಕೊನೆಯ ಮನೆಯವರೆಗೂ ಸವರಿದಳು. ಹದಿನಾಲ್ಕರ ಗಂಟಿನ ಹತ್ತಿರ ನಿಂತಳು.

"ಹೊಲಿಗೆ ನನ್ನದಲ್ಲ," ಎಂದಳು. "ದಾರಿ ನನ್ನದೇ. ಇರಲಿ ಇಲ್ಲಿ."

ದೊಡ್ಡಮ್ಮನ ಕೈಯ ಹೊಲಿಗೆ ಹೋದದ್ದು ಹೋಯಿತು, ಅದು ನಷ್ಟವೇ. ಅವಳೊಬ್ಬಳಿಗೇ ಪೂರ್ತಿ ಗೊತ್ತಿದ್ದ ಕಥೆ ಈಗ ಮೂವರಿಗೆ ಗೊತ್ತು. ನನಗೆ ಒಳ್ಳೆಯ ಗಂಡ ಸಿಕ್ಕಿದ.