ಅನ್ನದಾನಮ್ಮನ ಭಯದ ಪೆಟ್ಟಿಗೆ

ಬೀಗ ಒಡೆದಿರಲಿಲ್ಲ. ಬಾಗಿಲು ಮಾತ್ರ ಹಾರುಹೊಡೆದಿತ್ತು.

ಚಂದ್ರಕಲಾ ಹೊಸಿಲಲ್ಲೇ ನಿಂತಳು. ಬಳ್ಳಾರಿಯಿಂದ ತಂದ ರಟ್ಟಿನ ಡಬ್ಬಿಗಳ ಕಟ್ಟು ಇನ್ನೂ ಕೈಯಲ್ಲೇ ಇತ್ತು. "ಓಬಕ್ಕಾ" ಎಂದು ಕೂಗಿದಳು. ಉತ್ತರವಿಲ್ಲ. ಅನ್ನದಾನಮ್ಮನ ಮನೆ ನೋಡಿಕೊಳ್ಳುವ ಓಬಕ್ಕ ಒಂದು ಕೂಗಿಗೆ ಹತ್ತು ಮಾತಾಡುವ ಹೆಂಗಸು. ಅವಳು ಸುಮ್ಮನಿದ್ದಾಳೆ ಎಂದರೆ ಏನೋ ಕೆಟ್ಟದ್ದು ಆಗಿದೆ ಎಂದೇ ಅರ್ಥ.

ಕಾಗದದ ಕೋಣೆಯಲ್ಲಿ ಓಬಕ್ಕ ಬೋರಲು ಬಿದ್ದಿದ್ದಳು. ತಲೆಯ ಹಿಂದೆ ರಕ್ತ ಹೆಪ್ಪುಗಟ್ಟಿತ್ತು. ಅವಳ ಮಗ್ಗುಲಲ್ಲಿ, ನೆಲದ ಮೇಲೆ, ಬೆಳ್ಳನೆಯ ನುಸಿಗುಳಿಗೆಗಳ ರಾಶಿ. ಬಟ್ಟೆಬರೆಗೆ ಹುಳ ಹತ್ತದಿರಲಿ ಎಂದು ಟ್ರಂಕಿನಲ್ಲಿ ಹಾಕಿಡುತ್ತಾರಲ್ಲ, ಅವೇ. ಯಾರೋ ಕೂತು, ಒಂದನ್ನೂ ಬಿಡದೆ ಆರಿಸಿ, ಗುಡ್ಡೆ ಮಾಡಿದಂತಿತ್ತು.

ಚಂದ್ರಕಲಾ ಡಬ್ಬಿಗಳ ಕಟ್ಟನ್ನು ಕೆಳಗೆ ಬಿಟ್ಟಳು. ಪಕ್ಕದಲ್ಲಿ ಕೂತು ಓಬಕ್ಕನ ಮೂಗಿನ ಬಳಿ ಕೈ ಹಿಡಿದಳು. ಉಸಿರು ಆಡುತ್ತಿತ್ತು.

ಆಮೇಲೆ ಅವಳ ಕಣ್ಣು ಕಪಾಟಿನ ಕೆಳಗೆ ಹೋಯಿತು. ಹಸಿರು ಟ್ರಂಕು ಅಲ್ಲಿ ಇರಲಿಲ್ಲ.

*

ಅನ್ನದಾನಮ್ಮ ಯಾರು ಎಂದು ರಾಯದುರ್ಗದಲ್ಲಿ ಕೇಳಿದರೆ ತಲೆಕೆಟ್ಟವಳು ಎನ್ನುತ್ತಿದ್ದರು. ದಿಲ್ಲಿಯಲ್ಲಿ ಕೇಳಿದರೆ ದೊಡ್ಡ ಕಲಾವಿದೆ ಎನ್ನುತ್ತಿದ್ದರು. ಚಿತ್ರ ಬರೆದವಳಲ್ಲ, ಮೂರ್ತಿ ಕೆತ್ತಿದವಳಲ್ಲ. ತಾನೇ ನಿಂತು, ಕೂತು, ನಡೆದು ಅದನ್ನೇ ಕಲೆ ಎಂದವಳು. ಓಬಳಾಪುರದ ಅದಿರು ಲಾರಿಗಳ ದಾರಿಯಲ್ಲಿ ಬಿಳಿ ಸೀರೆ ಉಟ್ಟು, ಅದು ಧೂಳಿಗೆ ಕೆಂಪಾಗುವ ತನಕ ನಿಂತಿದ್ದಳು. ಇಂಥ ಕಲೆ ಮುಗಿದ ಮೇಲೆ ಕಾಗದಗಳನ್ನು ಬಿಟ್ಟರೆ ಏನೂ ಉಳಿಯುವುದಿಲ್ಲ. ಹೋದ ವರ್ಷ ಅವಳು ತೀರಿಕೊಂಡಳು. ಅವಳ ಟಿಪ್ಪಣಿ, ಪತ್ರ, ಫೋಟೋಗಳನ್ನು ಕಾಪಾಡುವ ಕೆಲಸ ಚಂದ್ರಕಲಾಳ ಪಾಲಿಗೆ ಬಂತು. ಹಳೆಯ ಕಾಗದಕ್ಕೆ ಜೀವ ತುಂಬುವುದು ಅವಳ ಕಸುಬು.

"ಟ್ರಂಕಿನಾಗ ಬಂಗಾರ ಇತ್ತೇನ್ರಿ?" ಎಸ್‌ಐ ಎರ್ರಿಸ್ವಾಮಿ ಕೇಳಿದ.

"ಇಲ್ರಿ ಸಾರ್. ಲಕೋಟೆ ಇದ್ವು."

"ಲಕೋಟೆಗೆ ಯಾರರ ಮುದುಕಿ ತಲಿ ಒಡೀತಾರೇನ್ರಿ?"

ಒಡೆಯುತ್ತಾರೆ. ಚಂದ್ರಕಲಾ ವಿವರಿಸಿದಳು. ಬಹಳ ವರ್ಷದ ಹಿಂದೆ ಅನ್ನದಾನಮ್ಮ ಪೇಟೆಯ ನಡುವೆ ಮೇಜು ಹಾಕಿ ಕೂತಿದ್ದಳು. "ಭಯದ ಅಂಗಡಿ" ಎಂದು ಬೋರ್ಡು. ನಿಮಗೆ ಯಾವುದರ ಭಯವೋ ಅದನ್ನು ಚೀಟಿಯಲ್ಲಿ ಬರೆದುಕೊಡಿ, ನಾನು ಇಟ್ಟುಕೊಳ್ಳುತ್ತೇನೆ, ನೀವು ಹಗುರಾಗಿ ಹೋಗಿ ಎಂದಳು. ಊರು ಮೊದಲು ನಕ್ಕಿತು, ಆಮೇಲೆ ಸಾಲು ನಿಂತಿತು. ಚೀಟಿಯನ್ನು ಲಕೋಟೆಗೆ ಹಾಕಿ, ಅಂಟಿಸಿ, ಅಂಟಿನ ಮೇಲೆ ಓಬಳಾಪುರದ ಕೆಮ್ಮಣ್ಣಿನಲ್ಲಿ ಹೆಬ್ಬೆಟ್ಟು ಒತ್ತಬೇಕು. ಹೆಸರು ಬರೆಯುವಂತಿಲ್ಲ. ಯಾರೂ ಓದುವುದಿಲ್ಲ ಎಂದು ಅನ್ನದಾನಮ್ಮ ಮಾತು ಕೊಟ್ಟಿದ್ದಳು.

"ನಾನೂ ತೆಗೆಯಬಾರದು ಅಂತನೇ ಇದ್ದೆ ಸಾರ್. ಆದ್ರ ಹೋದ ವಾರ ಪೇಪರಿನವರು, ನಾ ಎಲ್ಲಾ ಲಕೋಟೆ ಬಿಚ್ಚಿ ಫೋಟೋ ಹೊಡೀತೀನಿ ಅಂತ ಬರದುಬಿಟ್ರು."

ಎರ್ರಿಸ್ವಾಮಿ ಬಾಗಿಲ ಚಿಲಕ ಆಡಿಸಿ ನೋಡಿದ. "ಓಬಕ್ಕನೇ ತಗದಾಳ. ಗೊತ್ತಿದ್ದವರೇ ಬಂದಾರ." ಅವನ ಕಣ್ಣು ಗುಳಿಗೆಯ ರಾಶಿಗೆ ತಿರುಗಿತು. ಅಂಗಳದಲ್ಲಿ ಸೇರಿದ್ದವರು ಆಗಲೇ ಮಾಟ ಎಂದು ಗುಸುಗುಸು ಶುರುಮಾಡಿದ್ದರು. "ಇದೇನ್ರಿ ಇದು?"

"ಆ ಟ್ರಂಕಿನಾಗ ಇದ್ದ ಗುಳಿಗಿ ಸಾರ್. ಅದೇ ನನಗ ಹೆದರಿಕಿ. ತಲಿ ಒಡದವ ಓಡಬೇಕ್ರಿ. ಇವ ಆಕಿ ಮಗ್ಗುಲಾಗ ಕುಂತು ಗುಳಿಗಿ ಆರಿಸ್ಯಾನ."

ಎರ್ರಿಸ್ವಾಮಿ ಒಂದು ಗುಳಿಗೆ ಎತ್ತಿ ಮೂಸಿ, ಬೇಗನೆ ಕೆಳಗಿಟ್ಟ. ಅವನಿಗೂ ಮೈ ಜುಮ್ಮೆಂದಿರಬೇಕು.

*

ಊರಿಗೆ ಊರೇ ಹೆದರಿತು. ಸುಮ್ಮನೆ ಹೇಳುವ ಮಾತಲ್ಲ. ಯಾರದೋ ಕೈಯಲ್ಲಿ ಎಲ್ಲರ ಗುಟ್ಟು. ಸೊಸೆಗೆ ಅತ್ತೆಯ ಮುಖ ನೋಡಲು ಅಂಜಿಕೆ, ಅತ್ತೆಗೆ ಸೊಸೆಯದು. ಹೂ ಮಾರುವ ತಿಪ್ಪಮ್ಮ ಬಂದು ಚಂದ್ರಕಲಾಳ ಕೈ ಹಿಡಿದು ಅತ್ತಳು. "ನಂದು ಓದ್ಯಾರೇನ್ರಿ ಅಕ್ಕಾ? ಓದಿದ್ರ ನನ್ನ ಮಗಳ ಸಂಸಾರ ಮುಗೀತ್ರಿ." ಆ ಟ್ರಂಕು ಸಿಗದಿದ್ದರೆ ಎಷ್ಟು ಮನೆ ಒಡೆಯುತ್ತವೋ ಎಂದುಕೊಂಡಳು ಚಂದ್ರಕಲಾ.

ಸಂಜೆ ಠಾಣೆಯಿಂದ ಕರೆ ಬಂತು. ಅನ್ನದಾನಮ್ಮನ ತಮ್ಮ ದೊಡ್ಡಬಸಪ್ಪ ಸಿಕ್ಕಿಬಿದ್ದಿದ್ದ. ಜೀನ್ಸ್ ಬಟ್ಟೆಯ ವ್ಯಾಪಾರಿ. ಈ ಕಸ ಖಾಲಿ ಮಾಡಿ, ಮನೆ ಮಾರಬೇಕು ಎಂದು ತಿಂಗಳುಗಟ್ಟಲೆ ಚಂದ್ರಕಲಾಳ ತಲೆ ತಿಂದವನು. ಹಿಂದಿನ ಸಂಜೆ ಅವನು ಆ ಮನೆಯಿಂದ ಬಿರಬಿರನೆ ಹೊರಬಿದ್ದದ್ದನ್ನು ಎದುರು ಮನೆಯವರು ನೋಡಿದ್ದರು.

"ಹೋಗಿದ್ದೆ ಸಾರ್, ಸುಳ್ಳು ಯಾಕ ಹೇಳ್ಲಿ." ದೊಡ್ಡಬಸಪ್ಪನ ದಪ್ಪ ಗಲ್ಲ ಅದುರುತ್ತಿತ್ತು. "ನಂದೂ ಒಂದು ಚೀಟಿ ಐತ್ರಿ ಅದ್ರಾಗ. ಹೆಬ್ಬೆಟ್ಟು ಹೋಲಿಸಿ ಹುಡುಕಿದೆ, ಸಿಗಲಿಲ್ಲ. ಓಬಕ್ಕ ಬೈದು ಹೊರಗ ಹಾಕಿದ್ಲು. ಟ್ರಂಕು ಅಲ್ಲೇ ಇತ್ರಿ, ಆಕಿ ಚಂದಾಗೇ ಇದ್ಲು."

"ಏನ್ ಬರದಿದ್ದಿ?"

"ಅದನ್ನ ಮಾತ್ರ ಕೇಳಬ್ಯಾಡ್ರಿ. ಬೇಕಾರ ಲಾಕಪ್ಪಿಗೆ ಹಾಕ್ರಿ."

ಅಷ್ಟರಲ್ಲಿ ಚಂದ್ರಕಲಾಳ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಬಟ್ಟೆ ಮುಚ್ಚಿ ಮಾತಾಡಿದಂಥ ದನಿ.

"ನನ್ನ ಚೀಟಿ ತೆಗೆದಿಟ್ಟಿದ್ದೀಯ. ವಾಪಸು ಕೊಡು. ಇಲ್ಲದಿದ್ದರೆ ಆ ಮುದುಕಿಯ ಪಕ್ಕ ನಿನ್ನನ್ನೂ ಮಲಗಿಸುತ್ತೇನೆ."

ಚಂದ್ರಕಲಾ ಫೋನನ್ನು ಮೇಜಿನ ಮೇಲಿಟ್ಟು, ಕೇಳಿದ್ದನ್ನು ಕೇಳಿದಂತೆ ಹೇಳಿದಳು.

"ನೋಡ್ರಿ, ನಾ ಇಲ್ಲೇ ಕುಂತೀನಿ!" ದೊಡ್ಡಬಸಪ್ಪ ಎರಡೂ ಕೈ ಎತ್ತಿದ. ಬೆದರಿಕೆ ಕರೆಯ ಸುದ್ದಿ ಕೇಳಿ ಅಷ್ಟು ಖುಷಿಪಟ್ಟವರು ಇನ್ನೊಬ್ಬರಿರಲಿಕ್ಕಿಲ್ಲ.

"ನಂಬರ್ ಹುಡುಕಿಸ್ತೀನ್ರಿ. ಒಂದೆರಡು ದಿನ ಹಿಡೀತೈತಿ," ಎಂದ ಎರ್ರಿಸ್ವಾಮಿ.

ಚಂದ್ರಕಲಾಳಿಗೆ ಆ ರಾತ್ರಿ ಕಣ್ಣು ಮುಚ್ಚಲಾಗಲಿಲ್ಲ. ಇಡೀ ಟ್ರಂಕು ಹೊತ್ತುಕೊಂಡು ಹೋದವನು ಅವನು. ಚೀಟಿ ಕೊಡು ಎಂದು ತನ್ನನ್ನು ಯಾಕೆ ಕೇಳುತ್ತಾನೆ?

*

ಮರುದಿನ ಫೋನು ಮಾಡಿದ್ದು ಮಾರೇಶ್. ಅನ್ನದಾನಮ್ಮ ಬಿಸಿಲಲ್ಲಿ ನಿಂತಾಗಲೆಲ್ಲ ಕ್ಯಾಮೆರಾ ಹಿಡಿದು ಎದುರು ನಿಂತವನು. ಭಯದ ಅಂಗಡಿಯಲ್ಲಿ ಜನ ಹಿಂಜರಿದಾಗ ಮೊದಲ ಚೀಟಿ ಬರೆದು ಧೈರ್ಯ ಕೊಟ್ಟವನೂ ಅವನೇ. ಈಗ ಮಡಕಶಿರಾದ ಹತ್ತಿರ ತನ್ನ ಊರಲ್ಲಿ ರೇಷ್ಮೆ ಬೆಳೆಯುತ್ತಿದ್ದ. ಹಿಂದಿನ ದಿನ ಸುದ್ದಿ ತಿಳಿದ ಕೂಡಲೇ ಓಡಿಬಂದು, ಆಸ್ಪತ್ರೆಯಲ್ಲಿ ಓಬಕ್ಕನ ಮಂಚದ ಬಳಿ ಕೂತು, ಡಾಕ್ಟರು ಬಂದಾಗಲೆಲ್ಲ ಯಾವಾಗ ಎಚ್ಚರವಾಗುತ್ತದೆ ಎಂದು ಕೇಳಿ ಕೇಳಿ, ರಾತ್ರಿ ಊರಿಗೆ ಮರಳಿದ್ದ.

"ಅಕ್ಕ, ಅಂಗಡಿ ದಿನದ ನೆಗೆಟಿವ್‌ಗಳು ನನ್ನತ್ರ ಅವೆ. ಅವೂ ಕಳ್ಳನ ಪಾಲಾಗೋಕ್ ಮುಂಚೆ ಬಂದು ತಗಂಡ್ ಹೋಗಕ್ಕ."

ಚಂದ್ರಕಲಾ ಎರ್ರಿಸ್ವಾಮಿಗೆ ಹೇಳಿಯೇ ಬಸ್ಸು ಹತ್ತಿದಳು. ರಾಯದುರ್ಗದಿಂದ ಒಂದು ದಿನವಾದರೂ ದೂರ ಇದ್ದರೆ ಸಾಕು ಎನ್ನಿಸಿತ್ತು.

ಅವಳು ತಲುಪಿದಾಗ ಮಾರೇಶ್ ಹಿಪ್ಪುನೇರಳೆ ಸೊಪ್ಪು ತರಲು ತೋಟಕ್ಕೆ ಹೋಗಿದ್ದ. ರೇಷ್ಮೆ ಹುಳದ ಮನೆಯ ಬಾಗಿಲಲ್ಲಿ ಅವನ ಹೆಂಡತಿ ಮೈಲಾರಮ್ಮ ನಿಂತಿದ್ದಳು. ಚಂದ್ರಕಲಾ ಮಾತಾಡಿಸಲು ಹತ್ತಿರ ಹೋದಳು.

"ಅಲ್ಲೇ ನಿಂತ್ಕಳಕ್ಕ, ಒಳಿಕ್ಕೆ ಬರ್ಬ್ಯಾಡ!"

ಚಂದ್ರಕಲಾ ಬೆಚ್ಚಿ ನಿಂತಳು.

"ಬೇಜಾರ್ ಮಾಡ್ಕಬ್ಯಾಡ ಕಣಕ್ಕ. ನಿನ್ ಮೈಯಾಗೆಲ್ಲ ನುಸಿಗುಳಿಗೆ ವಾಸ್ನೆ. ಹುಳಕ್ಕೆ ಅದು ಆಗಾಕಿಲ್ಲ. ಹುಳ ಸಾಕೋರ ಮನೇಲಿ ಆ ಗುಳಿಗೆ ಒಂದೂ ಇಡಾಕಿಲ್ಲ. ಸೊಪ್ಪಿನ ಆಟೋದಾಗೆ ಸೈತ ಹಾಕಾಕಿಲ್ಲ."

ತಿಂಗಳುಗಟ್ಟಲೆ ಆ ಟ್ರಂಕುಗಳ ನಡುವೆ ಕೂತ ಸೀರೆ, ಕೈ. ಚಂದ್ರಕಲಾಳಿಗೆ ತನ್ನ ಮೈ ವಾಸನೆ ಗೊತ್ತೇ ಆಗುತ್ತಿರಲಿಲ್ಲ.

ಮೈಲಾರಮ್ಮ ನಿಟ್ಟುಸಿರು ಬಿಟ್ಟಳು. "ಮೊನ್ನೆಯಿಂದ ಒಳಗೂ ಇದೇ ವಾಸ್ನೆ ಬತ್ತೈತೆ. ಹುಳ ಸೊಪ್ಪೇ ಮುಟ್ತಿಲ್ಲ. ನಮ್ಮನೇರ್ನ ಕೇಳಿದ್ರೆ, ನಿನ್ ಮೂಗೇ ಸರಿಯಿಲ್ಲ ಅಂತಾರೆ."

ಚಂದ್ರಕಲಾಳಿಗೆ ಓಬಕ್ಕನ ಮಗ್ಗುಲಿನ ಗುಳಿಗೆಗಳು ನೆನಪಾದವು. ಆ ರಾಶಿ ಮಾಟವಲ್ಲ. ಹುಚ್ಚೂ ಅಲ್ಲ. ಕೊಲೆಗೆ ಕೈ ಹಾಕಿದ ಹೊತ್ತಿನಲ್ಲೂ ಹುಳದ ಯೋಚನೆ ಬಿಡದ ಒಬ್ಬ ರೇಷ್ಮೆ ರೈತನ ಎಚ್ಚರಿಕೆ ಅದು. ಗುಳಿಗೆ ತೆಗೆದ. ಕಾಗದ ವರ್ಷಗಟ್ಟಲೆ ಕುಡಿದಿದ್ದ ವಾಸನೆಯನ್ನು ತೆಗೆಯಲಾಗಲಿಲ್ಲ.

ಮೈಲಾರಮ್ಮ ನೀರು ತರಲು ತಿರುಗಿದಳು. ಚಂದ್ರಕಲಾ ಎರ್ರಿಸ್ವಾಮಿಗೆ ಒಂದು ಸಾಲು ಕಳಿಸಿದಳು: ಟ್ರಂಕು ಇಲ್ಲೇ ಇದೆ, ಕದ್ದವನು ಮಾರೇಶ್.

ಹಿಂದಿನಿಂದ ಬೇಲಿಗೇಟಿನ ಅಗುಳಿ ಬಿದ್ದ ಸದ್ದಾಯಿತು.

"ನೆಗೆಟಿವ್ ಒಳಗವೆ. ಬಾ ಅಕ್ಕ." ಮಾರೇಶನ ಒಂದು ಹೆಗಲ ಮೇಲೆ ಸೊಪ್ಪಿನ ಹೊರೆ, ಇನ್ನೊಂದು ಕೈಯಲ್ಲಿ ಕುಡುಗೋಲು.

"ಅಕ್ಕನ್ ಮೈಯಾಗೆ ಗುಳಿಗೆ ವಾಸ್ನೆ..." ಮೈಲಾರಮ್ಮ ಚೊಂಬು ಹಿಡಿದು ಬಂದಳು.

"ನೀ ಸುಮ್ಕಿರು."

ಕುಡುಗೋಲು ತೋರಿದ ಕಡೆ ಚಂದ್ರಕಲಾ ನಡೆದಳು. ಒಳಗೆ ಕತ್ತಲು. ತಟ್ಟೆ ತಟ್ಟೆಗಳಲ್ಲಿ ಹುಳಗಳು ಅಲುಗದೆ ಬಿದ್ದಿದ್ದವು. ಮಾರೇಶ್ ಅಟ್ಟದಿಂದ ಹಸಿರು ಟ್ರಂಕು ಇಳಿಸಿದ. ಜೇಬಿನಿಂದ ಒಂದು ಹರಿದ ಲಕೋಟೆ ತೆಗೆದು ಅವಳ ಮುಖಕ್ಕೆ ಹಿಡಿದ.

"ಇದು ನನ್ ಹೆಬ್ಬೆಟ್ಟು. ಒಳಗೆ ಚೀಟಿ ಇಲ್ಲ. ಅಂಟಿಸಿದ್ದನ್ನ ಗೊತ್ತಾಗದಂಗೆ ಬಿಡಿಸೋದು ನಿನ್ ಕಸುಬು. ಓದಿದೀಯ. ಯಾರ್ ಯಾರಿಗೆ ಹೇಳ್ದೆ?"

ಓಡಲು ದಾರಿಯಿಲ್ಲ. ಕಾಗದ ಒಂದೇ ಅವಳಿಗೆ ಗೊತ್ತಿದ್ದ ವಿದ್ಯೆ. ಅದನ್ನೇ ಹಿಡಿದುಕೊಂಡಳು. ಹರಿದ ಲಕೋಟೆಯ ತಳ ನೋಡಿದಳು.

"ಮಾರೇಶ, ಇದರ ಕೆಳಗಿನ ಅಂಚು ನೋಡು. ಕತ್ತರಿಸಿ ಮತ್ತ ಅಂಟಿಸ್ಯಾರ. ಅಂಟು ಎಷ್ಟು ಹಳದಿ ಆಗೈತಿ ನೋಡು. ನಾ ಈಗ ತಗದಿದ್ರ ಬೆಳ್ಳಗ ಇರ್ತಿತ್ತು. ಇದು ಆವತ್ತಿನ ಕೆಲಸ."

ಟ್ರಂಕಿನಿಂದ ಇನ್ನೊಂದು ಲಕೋಟೆ ಎತ್ತಿ, ಗವಾಕ್ಷಿಯಿಂದ ಬೀಳುತ್ತಿದ್ದ ಬಿಸಿಲಿಗೆ ಹಿಡಿದಳು. ಒಳಗೆ ಚೀಟಿಯ ನೆರಳಿಲ್ಲ. ಮತ್ತೊಂದು. ಅದೂ ಖಾಲಿ. ಮಾರೇಶ್ ಕುಡುಗೋಲು ಕೆಳಗಿಟ್ಟು ತಾನೇ ಹಿಡಿದು ನೋಡತೊಡಗಿದ. ಹಿಡಿದ, ಬಿಸಾಡಿದ, ಹಿಡಿದ, ಬಿಸಾಡಿದ. ಎಲ್ಲವೂ ಖಾಲಿ.

ಅವನು ನೆಲಕ್ಕೆ ಕುಸಿದು ಕೂತ.

"ಹಂಗಾರೆ ಗೋಪಾಲಪ್ಪನ ವಿಷ್ಯ... ಯಾರೂ ಓದೇ ಇಲ್ವಾ?"

"ಏನಂದೆ?" ಬಾಗಿಲಲ್ಲಿ ಮೈಲಾರಮ್ಮ. ಕೈಯಲ್ಲಿದ್ದ ಚೊಂಬು ಓರೆಯಾಗಿ ನೀರು ಸುರಿಯುತ್ತಿತ್ತು. "ನನ್ ತಮ್ಮನ್ ಹೆಸ್ರು ಯಾಕೆ ಎತ್ದೆ? ಅವನು ಕಾಲ್ ಜಾರಿ ಬಾವಿಗೆ ಬಿದ್ದ ಅಂದಿದ್ಯಲ್ಲ."

ಮಾರೇಶ್ ತಲೆ ಎತ್ತಲಿಲ್ಲ. "ಜಾರೇ ಬಿದ್ದ ಕಣೆ. ನಾನೇನ್ ತಳ್ಳಲಿಲ್ಲ. ನೀರಾಗಿಂದ ಹಗ್ಗ ಬಿಡು ಭಾವ, ಹಗ್ಗ ಬಿಡು ಅಂತ ಕೂಗ್ದ. ಹೊಲದ ಜಗಳದಾಗೆ ಸಿಟ್ಟಿತ್ತು. ಬಿಡಲಿಲ್ಲ."

ಮೈಲಾರಮ್ಮನಿಂದ ಒಂದು ಸದ್ದು ಹೊರಟಿತು. ಅಂಥ ಸದ್ದನ್ನು ಚಂದ್ರಕಲಾ ಹಿಂದೆಂದೂ ಕೇಳಿರಲಿಲ್ಲ. ಎರ್ರಿಸ್ವಾಮಿಯ ಫೋನಿಗೆ ಓಡಿಬಂದ ಮಡಕಶಿರಾ ಪೊಲೀಸರು ಗೇಟು ಮುರಿದು ಒಳಬರುವ ತನಕ ಮೂವರಲ್ಲಿ ಯಾರೂ ಅಲುಗಲಿಲ್ಲ.

*

"ಒಂದು ಗುಳಿಗಿ ರಾಶಿ ನೋಡಿ ಹೆಂಗ್ರಿ ಹಿಡದ್ರಿ?" ಮಾರನೆಯ ದಿನ ಆಸ್ಪತ್ರೆಯ ವರಾಂಡದಲ್ಲಿ ಎರ್ರಿಸ್ವಾಮಿ ಕೇಳಿದ.

"ನಾ ಎಲ್ಲಿ ಹಿಡದೆ ಸಾರ್? ಮೈಲಾರಮ್ಮನ ಮೂಗು ಹಿಡೀತು." ಚಂದ್ರಕಲಾ ಬೆಂಚಿನ ಮೇಲೆ ಕೂತಳು. "ಓಬಕ್ಕ ಗೊತ್ತಿದ್ದವರಿಗೇ ಬಾಗಿಲು ತಗದಾಳ ಅಂತ ನೀವೇ ಅಂದ್ರಿ. ಲಕೋಟೆ ಮ್ಯಾಲೆ ಹೆಸರಿಲ್ಲ, ಹೆಬ್ಬೆಟ್ಟು ಹೋಲಿಸಬೇಕು, ಅದಕ್ಕ ಇಡೀ ಟ್ರಂಕು ಒಯ್ದ. ಹೊರಗಿನವರು ಯಾರೂ ಹೋಗದ ಜಾಗ ಅಂತ ಹುಳದ ಮನ್ಯಾಗ ಇಟ್ಟ. ತನ್ನ ಲಕೋಟೆ ಖಾಲಿ ಕಂಡಾಗ ನನ್ನ ಮ್ಯಾಲೆ ಅನುಮಾನ ಬಂತು. ಉಳಿದವನ್ನ ನೋಡಿದ್ರ ತಿಳೀತಿತ್ತು. ಭಯಕ್ಕ ಅದು ಹೊಳೀಲಿಲ್ಲ."

"ಚೀಟಿ ಎಲ್ಲಾ ಎಲ್ಲಿ ಹೋದುವು ಹಂಗಾದ್ರ?"

ಆ ಉತ್ತರ ಒಳಗಿತ್ತು. ಮಧ್ಯಾಹ್ನ ಓಬಕ್ಕ ಕಣ್ಣು ಬಿಟ್ಟಳು. ಮಾತಾಡಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಓಬಕ್ಕನಿಗೆ ಯಾರೂ ಹೇಳಿರಲಿಲ್ಲ.

"ಚೀಟಿನಾ? ಅಂಗಡಿ ಮುಗಿದ ರಾತ್ರೀನೇ ಸುಟ್ವಿ," ಎಂದಳು ಸಣ್ಣ ದನಿಯಲ್ಲಿ. "ಅನ್ನದಾನಮ್ಮ ಅಕ್ಕಾರು ಲಕೋಟೆ ಬುಡಕ್ಕ ಕತ್ತರಿ ಹಾಕಿ, ಮಡಚಿದ ಚೀಟಿ ಮಡಚಿದಂಗನ ನನ್ನ ಕೈಗೆ ಕೊಟ್ರು. ಒಂದೂ ಓದಲಿಲ್ಲ. ನಾ ನೀರೊಲಿಗೆ ಹಾಕಿದೆ. ಜನರ ಭಯ ಮನ್ಯಾಗ ಇಟ್ಕೊಂಡ್ರ ನನಗ ನಿದ್ದಿ ಬರಂಗಿಲ್ಲ ಓಬಕ್ಕ ಅಂದ್ರು. ಹೆಬ್ಬೆಟ್ಟು ಅಷ್ಟೇ ಸಾಕಂತ ಆಕೀಗೆ."

"ಮಾರೇಶನಿಗೆ ಇದು ಗೊತ್ತಿರಲಿಲ್ಲೇನು ಓಬಕ್ಕ?" ಚಂದ್ರಕಲಾ ಕೇಳಿದಳು.

ಓಬಕ್ಕನ ಕಣ್ಣಲ್ಲಿ ನೀರು ತುಂಬಿತು. "ಬಾಗಿಲು ತಗದೆ. ಅವನ ಮುಖ ಬಾಡಿತ್ತು. ಚಾ ಕುಡೀತೀಯೇನಪ್ಪಾ ಅಂತ ಕೇಳಿ ಒಳಗ ತಿರುಗಿದೆ. ಬಾಯಿ ಬಿಟ್ಟು ಒಂದು ಮಾತು ಕೇಳಿದ್ರ ಹೇಳ್ತಿದ್ನಲ್ಲವ್ವಾ. ಅವ ಕೇಳಲೇ ಇಲ್ಲ."